ಹೆಸರಿಲ್ಲದ ಕೊಂಡಿಗಳು

ಪುಣೆಯ ನಮ್ಮ ಕನ್ನಡ ಬಳಗದ ವೆಬ್‌ಸೈಟನ್ನು ಕಳೆದ ಅಕ್ಟೋಬರಿನಲ್ಲಿ ಹೊಸದಾಗಿ ಮಾಡಿಕೊಟ್ಟವನು ನಾನೇ. ಎರಡು ವಾರಾಂತ್ಯದ ಕೆಲಸ. ಮೇಲೆ ಮೆನುವಿಗೆ ಮೂರು ಗೆರೆ, ಕೆಳಗೆ ವಾಟ್ಸ್ಆಪ್, ಫೇಸ್‌ಬುಕ್, ಯೂಟ್ಯೂಬ್, ಫೋನ್, ನಕ್ಷೆಗೆ ಪುಟ್ಟ ಪುಟ್ಟ ಐಕಾನ್‌ಗಳು. ನಡುವೆ ರಾಜ್ಯೋತ್ಸವದ ದೊಡ್ಡ ಪೋಸ್ಟರ್. ಅದನ್ನು ಒತ್ತಿದರೆ ಕಾರ್ಯಕ್ರಮಕ್ಕೆ ಹೆಸರು ಕೊಡುವ ಫಾರ್ಮ್. ನೋಡಿದವರೆಲ್ಲ ಚೆನ್ನಾಗಿದೆ ಎಂದರು. ನಾನೂ ಸ್ವಲ್ಪ ಉಬ್ಬಿದೆ.

ಹೆಸರು ಕೊಡುವ ಗಡುವು ಮುಗಿದ ಮರುದಿನ ಬೆಳಿಗ್ಗೆ ಬಳಗದ ಹಿರಿಯರೊಬ್ಬರ ಫೋನ್ ಬಂತು. ಧಾರವಾಡ ಕಡೆಯ ನಿವೃತ್ತ ಮಾಸ್ತರರು, ಈಗ ಇಲ್ಲಿ ಮಗನ ಮನೆಯಲ್ಲಿದ್ದಾರೆ. ನಮಗೆಲ್ಲ ಅವರು ಕಾಕಾ. ಗ್ಲಾಕೋಮಾದಿಂದ ದೃಷ್ಟಿ ಹೋಗಿ ಕೆಲವು ವರ್ಷಗಳಾದವು. ಮೊಬೈಲಿನಲ್ಲಿ ಟಾಕ್‌ಬ್ಯಾಕ್ ಹಾಕಿಕೊಂಡು ಪತ್ರಿಕೆ ಕೇಳುತ್ತಾರೆ, ಕರೆಂಟ್ ಬಿಲ್ ಕಟ್ಟುತ್ತಾರೆ. ಪ್ರತಿ ನವೆಂಬರಿನಲ್ಲಿ ನಮ್ಮ ವೇದಿಕೆಯಲ್ಲಿ ಕವಿತೆ ಓದುತ್ತಾರೆ.

“ತಮ್ಮಾ, ನಿನ್ನ ವೆಬ್‌ಸೈಟ್ ಬರೇ ‘ಲಿಂಕ್, ಲಿಂಕ್, ಲಿಂಕ್’ ಅಂತ ಒದರ್ತದ. ಎಲ್ಲಿಗೆ ಹೋಗೋ ಲಿಂಕ್ ಅಂತ ಮಾತ್ರ ಹೇಳೂದಿಲ್ಲ. ನಾ ಹೆಸರು ಎಲ್ಲೆ ಕೊಡಬೇಕು?”

“ನಾನೇ ಸೇರಿಸ್ತೀನಿ ಬಿಡ್ರಿ ಕಾಕಾ” ಎಂದೆ. ಅವರು ಒಂದು ಕ್ಷಣ ಸುಮ್ಮನಿದ್ದು ಹೇಳಿದರು: “ಹಂಗ ಮಾಡಸೂದಿದ್ರ ನನ್ನ ಮಗಗ ಹೇಳ್ತಿದ್ದೆ. ಹೋದ ವರ್ಷ ನಾನೇ ಕೊಟ್ಟಿದ್ದೆ.”

ಹದಿನೈದು ವರ್ಷದಿಂದ ಸಾಫ್ಟ್‌ವೇರ್ ಬರೆದು ಅನ್ನ ತಿನ್ನುವ ನನಗೆ ಆ ಮಾತು ನಾಟಿತು. ಆ ರಾತ್ರಿ ನನ್ನ ಫೋನಿನಲ್ಲೂ ಟಾಕ್‌ಬ್ಯಾಕ್ ಹಾಕಿ, ಕಣ್ಣು ಮುಚ್ಚಿ, ನಾನೇ ಮಾಡಿದ ಪುಟದ ಮೇಲೆ ಬೆರಳು ಸರಿಸುತ್ತಾ ಹೋದೆ. ಫಾರ್ಮ್ ನನಗೂ ಸಿಗಲಿಲ್ಲ.

ಸ್ಕ್ರೀನ್ ರೀಡರ್ ಪರದೆಯನ್ನು ನೋಡುವುದಿಲ್ಲ. ಪುಟದ ಹಿಂದಿನ ಕೋಡ್‌ನಿಂದ ಬ್ರೌಸರ್ ಒದಗಿಸುವ ಮಾಹಿತಿಯನ್ನು ಓದುತ್ತದೆ. ಒಂದು ಕೊಂಡಿ ಎದುರಾದಾಗ ಅದಕ್ಕೊಂದು ಹೆಸರು ಬೇಕು. ಆ ಹೆಸರು ಕೋಡ್‌ನಲ್ಲಿ ಬರೆದ ಏರಿಯಾ-ಲೇಬಲ್‌ನಿಂದ ಬರಬಹುದು, ಕೊಂಡಿಯೊಳಗಿನ ಪಠ್ಯದಿಂದ ಅಥವಾ ಚಿತ್ರದ ‘ಆಲ್ಟ್’ ವಿವರಣೆಯಿಂದ ಬರಬಹುದು, ಕೊನೆಗೆ ‘ಟೈಟಲ್’ನಿಂದಲಾದರೂ ಬರಬಹುದು. ಇವು ಯಾವುವೂ ಇಲ್ಲದಿದ್ದರೆ ಅದು ಬರೀ ‘ಲಿಂಕ್’ ಎನ್ನುತ್ತದೆ, ಇಲ್ಲವೇ ವೆಬ್ ವಿಳಾಸದ ತುಣುಕನ್ನೋ ಚಿತ್ರದ ಫೈಲ್ ಹೆಸರನ್ನೋ ಅಕ್ಷರ, ಅಂಕಿ, ಅಡ್ಡಗೆರೆ ಸಮೇತ ಓದತೊಡಗುತ್ತದೆ. ಕೇಳುವವರಿಗೆ ಎರಡೂ ಒಂದೇ.

ನನ್ನ ತಪ್ಪು ಎರಡು ಕಡೆ ಇತ್ತು. ಐಕಾನ್‌ಗಳಿಗೆ ಹೆಸರೇ ಕೊಟ್ಟಿರಲಿಲ್ಲ. ಪೋಸ್ಟರಿನ ಆಲ್ಟ್ ಖಾಲಿ ಬಿಟ್ಟಿದ್ದೆ. ಬರೀ ಅಲಂಕಾರದ ಚಿತ್ರವಾದರೆ ಖಾಲಿ ಆಲ್ಟ್ ಸರಿಯೇ. ‘ಇದನ್ನು ಓದಬೇಡ’ ಎಂದು ಅದರ ಅರ್ಥ. ಆದರೆ ಕೊಂಡಿಯೊಳಗೆ ಆ ಚಿತ್ರ ಬಿಟ್ಟು ಬೇರೇನೂ ಇಲ್ಲದಿದ್ದರೆ ಕೊಂಡಿಗೇ ಹೆಸರಿಲ್ಲದಂತಾಗುತ್ತದೆ.

ಇದು ನನ್ನೊಬ್ಬನ ಅಜಾಗ್ರತೆಯಲ್ಲ. ಅಮೆರಿಕದ ವೆಬ್‌ಏಮ್ ಸಂಸ್ಥೆ 2019ರಿಂದ ವರ್ಷವರ್ಷವೂ ಹತ್ತು ಲಕ್ಷ ಜಾಲತಾಣಗಳ ಮುಖಪುಟ ಪರೀಕ್ಷಿಸುತ್ತಿದೆ. 2024ರಲ್ಲಿ ಅವುಗಳಲ್ಲಿ ಶೇ. 44.6ರಷ್ಟು ಪುಟಗಳಲ್ಲಿ ಖಾಲಿ ಕೊಂಡಿಗಳಿದ್ದವು. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಇದೆ. ಡಿಜಿಟಲ್ ಸೇವೆಗಳು ಎಲ್ಲರ ಕೈಗೂ ಎಟುಕಬೇಕಾದದ್ದು ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದೆ. ಬಳಗದ ಪುಟಕ್ಕೆ ಯಾರೂ ನೋಟಿಸ್ ಕಳಿಸುವುದಿಲ್ಲ, ನಿಜ. ಆದರೆ ಕಾಕಾ ಹೇಳಿದ್ದೂ ಇದನ್ನೇ ಅಲ್ಲವೇ?

ಸರಿಪಡಿಸಲು ಒಂದು ಗಂಟೆಯೂ ಹಿಡಿಯಲಿಲ್ಲ. ಪ್ರತಿ ಐಕಾನ್ ಪಕ್ಕ ಕಾಣುವಂತೆಯೇ ಹೆಸರು ಬರೆದೆ. ಅದರಿಂದ ಕಣ್ಣಿದ್ದವರಿಗೂ ಅನುಕೂಲ. ಜಾಗವಿಲ್ಲದ ಕಡೆ ಏರಿಯಾ-ಲೇಬಲ್ ಹಾಕಿದೆ. ಹೆಸರೆಂದರೆ ಚಿತ್ರದ ವರ್ಣನೆಯಲ್ಲ, ಹೋಗುವ ಜಾಗ: ‘ಹಸಿರು ಫೋನ್ ಚಿತ್ರ’ ಎಂದರೆ ಉಪಯೋಗವಿಲ್ಲ, ‘ವಾಟ್ಸ್ಆಪ್ ಗುಂಪಿಗೆ ಸೇರಿ’ ಎನ್ನಬೇಕು. ಪಠ್ಯವನ್ನು ‘ಡಿಸ್‌ಪ್ಲೇ: ನನ್’ ಎಂದು ಅಡಗಿಸಬಾರದು, ಆಗ ಸ್ಕ್ರೀನ್ ರೀಡರಿಗೂ ಅದು ಸಿಗುವುದಿಲ್ಲ. ಪೋಸ್ಟರಿನಲ್ಲಿದ್ದ ದಿನಾಂಕ, ಸ್ಥಳಗಳನ್ನು ಕೆಳಗೆ ಅಕ್ಷರಗಳಲ್ಲೇ ಬರೆದು, ‘ರಾಜ್ಯೋತ್ಸವಕ್ಕೆ ಹೆಸರು ನೋಂದಾಯಿಸಿ’ ಎಂಬ ಕೊಂಡಿ ಇಟ್ಟೆ. ಸಮಿತಿಯವರಿಗೆ ನಡೆದದ್ದು ಹೇಳಿದೆ. ಎಲ್ಲರಿಗೂ ಗಡುವನ್ನು ಎರಡು ದಿನ ಮುಂದೂಡಿದರು.

ಊರು ಬಿಟ್ಟು ಬಂದ ನಮ್ಮಂಥವರ ನಡುವೆ ಸಂಘದ ಪುಟವನ್ನೋ ಅಪಾರ್ಟ್‌ಮೆಂಟಿನ ಪುಟವನ್ನೋ ನೋಡಿಕೊಳ್ಳುವವರು ಬಹಳ ಮಂದಿ ಇದ್ದೀರಿ. ಆಂಡ್ರಾಯ್ಡ್ ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆಕ್ಸೆಸಿಬಿಲಿಟಿಯೊಳಗೆ ಟಾಕ್‌ಬ್ಯಾಕ್ ಇದೆ. ಹಾಕುವ ಮೊದಲು ಆರಿಸುವ ಬಗೆ ತಿಳಿದುಕೊಳ್ಳಿ, ಏಕೆಂದರೆ ಆಮೇಲೆ ಒಂದು ಸಲ ತಟ್ಟಿದರೆ ಬರೀ ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಬಲಕ್ಕೆ ಸರಿಸಿದರೆ ಮುಂದಿನದು. ವಿಂಡೋಸ್ ಕಂಪ್ಯೂಟರಿಗೆ ಎನ್‌ವಿಡಿಎ ಉಚಿತವಾಗಿ ಸಿಗುತ್ತದೆ. 2006ರಲ್ಲಿ ಅಂಧರೇ ಕಟ್ಟತೊಡಗಿದ ತಂತ್ರಾಂಶ ಅದು. ಅದರಲ್ಲಿ ಇನ್ಸರ್ಟ್ ಮತ್ತು ಎಫ್7 ಒಟ್ಟಿಗೆ ಒತ್ತಿದರೆ ಪುಟದ ಕೊಂಡಿಗಳೆಲ್ಲ ಪಟ್ಟಿಯಾಗಿ ಬರುತ್ತವೆ. ಪಟ್ಟಿಯಷ್ಟನ್ನೇ ಓದಿ ಯಾವುದು ಎಲ್ಲಿಗೆ ಹೋಗುತ್ತದೆಂದು ಗೊತ್ತಾಗಬೇಕು. ‘ಇಲ್ಲಿ ಕ್ಲಿಕ್ ಮಾಡಿ’ ಎಂದು ಐದು ಸಲ ಬಂದರೆ ಅದೂ ಹೆಸರಿಲ್ಲದ್ದಕ್ಕೆ ಸಮ.

ಮರುದಿನ ಫಾರ್ಮ್‌ನಲ್ಲಿ ಕಾಕಾ ಅವರ ಹೆಸರು ಬಂದಿತ್ತು. ಸಂಜೆ ಫೋನೂ ಬಂತು. “ಈಗ ಛಲೋ ಆಗೇದ. ಆದ್ರ ನಕ್ಷೆಯ ಲಿಂಕ್ ಎರಡೆರಡು ಸಲ ಹೇಳ್ತದ, ನೋಡು.”

ನೋಡಿದೆ. ಚಿತ್ರಕ್ಕೊಂದು, ಅಕ್ಷರಕ್ಕೊಂದು ಎಂದು ಎರಡು ಕೊಂಡಿ ಮಾಡಿದ್ದೆ. ಎರಡನ್ನೂ ಸೇರಿಸಿ ಒಂದು ಮಾಡಿದೆ.