ನಿಲ್ಲಿಸಿ ನೋಡುವ ಸುಖ

ಕಳೆದ ರಾಜ್ಯೋತ್ಸವದ ಮರುದಿನ ನಮ್ಮ ಮನೆಗೆ ಊಟಕ್ಕೆ ಬಂದಿದ್ದ ಹಿರಿಯ ಮಿತ್ರರೊಬ್ಬರು, ಪುಸ್ತಕದ ಕಪಾಟಿನ ಕೆಳಗಿನ ಎರಡು ಸಾಲುಗಳಲ್ಲಿ ಜೋಡಿಸಿಟ್ಟಿದ್ದ ಡಿವಿಡಿಗಳನ್ನು ಕಂಡು ಹುಬ್ಬೇರಿಸಿದರು. ‘ಏನ್ರೀ, ಸಂಘದ ವೇದಿಕೆಯ ಮೇಲೆ ಕನ್ನಡ, ಮನೆಯೊಳಗೆ ಬಿಬಿಸಿಯೇ?’ ಎಂದರು. ಮಾತು ನಗುವಿನಲ್ಲಿ ಮುಗಿಯಿತಾದರೂ ಪ್ರಶ್ನೆ ಮುಗಿಯಲಿಲ್ಲ. ನಮ್ಮನ್ನು ಆಳಿದವರ ಬಂಗಲೆಗಳು, ಅವರ ಚಹಾಕೂಟಗಳು, ಅವರ ಹೆಣ್ಣುಮಕ್ಕಳ ಮದುವೆಯ ಚಿಂತೆಗಳು, ಇವುಗಳನ್ನು ದೆಹಲಿಯ ಸರ್ಕಾರಿ ವಸತಿಗೃಹದಲ್ಲಿ ಕುಳಿತು ಮೂವತ್ತೈದು ವರ್ಷಗಳಿಂದ ಆಸ್ವಾದಿಸುತ್ತಿರುವುದು ಸದಭಿರುಚಿಯೋ, ದಾಸ್ಯದ ಉಳಿಕೆಯೋ? ಪ್ರಶ್ನೆ ನನ್ನೊಬ್ಬನದಲ್ಲ. ಹೊರನಾಡಿನಲ್ಲಿ ಇಂಗ್ಲಿಷಿನ ಅನ್ನವನ್ನುಂಡು ಕನ್ನಡದ ಹಾಡು ಹಾಡುವ ನಮ್ಮಲ್ಲಿ ಹಲವರಿಗೆ ಇದು ಸಲ್ಲುತ್ತದೆ.

ಮಿತ್ರರ ಆಕ್ಷೇಪಣೆಯಲ್ಲಿ ಹುರುಳಿಲ್ಲವೆಂದು ನಾನು ಹೇಳಲಾರೆ. ಆ ಸಾಲಿನ ಮೊದಲ ಪೆಟ್ಟಿಗೆಯೇ ‘ದಿ ಜುಯೆಲ್ ಇನ್ ದಿ ಕ್ರೌನ್’. ಇದು ಬಿಬಿಸಿಯದಲ್ಲ, ಗ್ರನಾಡಾ ಸಂಸ್ಥೆಯದು. ಪಾಲ್ ಸ್ಕಾಟ್ ಬರೆದ ನಾಲ್ಕು ಕಾದಂಬರಿಗಳನ್ನು ಆಧರಿಸಿ 14 ಕಂತುಗಳಲ್ಲಿ ನಿರ್ಮಿಸಿ 1984ರಲ್ಲಿ ಪ್ರಸಾರ ಮಾಡಿದ್ದು. ಅದೇ ವರ್ಷ ಸಲ್ಮಾನ್ ರಶ್ದಿಯವರು ಒಂದು ಪ್ರಬಂಧದಲ್ಲಿ ಈ ಧಾರಾವಾಹಿಯನ್ನೂ ಆ ಕಾಲದ ಇತರ ‘ರಾಜ್’ ಚಿತ್ರಗಳನ್ನೂ ನಿಷ್ಠುರವಾಗಿ ಟೀಕಿಸಿದರು. ಭಾರತೀಯರು ತಮ್ಮದೇ ಇತಿಹಾಸದಲ್ಲಿ ಬಂದುಹೋಗುವ ಸಣ್ಣ ಪಾತ್ರಗಳಾಗಿಬಿಟ್ಟಿದ್ದಾರೆ ಎಂಬುದು ಅವರ ವಾದದ ತಿರುಳು. ಕ್ವಿಟ್ ಇಂಡಿಯಾ ಚಳವಳಿಯ ಹಿನ್ನೆಲೆಯ ಕಥೆಯಲ್ಲಿ ಚಳವಳಿ ಹಿನ್ನೆಲೆಯಾಗಿಯೇ ಉಳಿದು, ಮುನ್ನೆಲೆಯಲ್ಲಿ ಆಂಗ್ಲ ಕುಟುಂಬಗಳ ವಿಷಾದ ತುಂಬಿಕೊಂಡಿರುವುದನ್ನು ಯಾರೂ ಅಲ್ಲಗಳೆಯುವಂತಿಲ್ಲ.

ವಿದ್ಯಾರ್ಥಿದೆಸೆಯಲ್ಲಿ ಮೊದಲ ಸಲ ನೋಡಿದಾಗ ನನಗೆ ಇದೊಂದೂ ಹೊಳೆದಿರಲಿಲ್ಲ. ವಿಸಿಪಿಯನ್ನೂ ಕ್ಯಾಸೆಟ್ಟುಗಳನ್ನೂ ಬಾಡಿಗೆಗೆ ತಂದು, ಬೆಳಗಾಗುವುದರೊಳಗೆ ಹಿಂತಿರುಗಿಸಬೇಕೆಂಬ ಆತುರದಲ್ಲಿ ಕಣ್ಣುಜ್ಜಿಕೊಂಡು ನೋಡಿದ ಕಾಲವದು. ಹಾಗೆ ನೋಡಿದವನಿಗೆ ದಕ್ಕುವುದು ಬೆರಗು ಮಾತ್ರ. ಎಷ್ಟು ಚೆನ್ನಾಗಿ ನಟಿಸುತ್ತಾರೆ, ಎಷ್ಟು ಚೆನ್ನಾಗಿ ಮಾತನಾಡುತ್ತಾರೆ ಎಂಬ ಬೆರಗು. ಬೆರಗಿಗೂ ದಾಸ್ಯಕ್ಕೂ ಬಹಳ ದೂರವಿಲ್ಲ.

ವರ್ಷಗಳ ತರುವಾಯ ಡಿವಿಡಿಯನ್ನು ಕೊಂಡು, ನನ್ನದೇ ವೇಳೆಯಲ್ಲಿ, ಬೇಕೆಂದಲ್ಲಿ ನಿಲ್ಲಿಸಿ ನೋಡತೊಡಗಿದಾಗ ಅದೇ ನಾಟಕ ಬೇರೆಯಾಗಿ ಕಂಡಿತು. ಅದರಲ್ಲಿ ಹರಿ ಕುಮಾರ್ ಎಂಬ ಯುವಕನಿದ್ದಾನೆ. ಇಂಗ್ಲೆಂಡಿನಲ್ಲಿ ಬೆಳೆದು, ಅಲ್ಲಿನ ಪ್ರತಿಷ್ಠಿತ ಶಾಲೆಯಲ್ಲಿ ಓದಿ, ತಂದೆಯ ಮರಣಾನಂತರ ಹಿಂತಿರುಗಿದವನು. ಮೆರಿಕ್ ಎಂಬ ಪೊಲೀಸ್ ಅಧಿಕಾರಿಯ ದ್ವೇಷಕ್ಕೆ ಗುರಿಯಾಗಿ, ಚಿತ್ರಹಿಂಸೆ ಅನುಭವಿಸಿ, ಸೆರೆಮನೆ ಸೇರುತ್ತಾನೆ. ಅಲ್ಲಿ ಅವನನ್ನು ವಿಚಾರಣೆ ಮಾಡಲು ಬರುವ ಆಂಗ್ಲ ಅಧಿಕಾರಿಯೂ ಅದೇ ಶಾಲೆಯಲ್ಲಿ ಓದಿದವನು! ಮೇಜಿನ ಎರಡು ಬದಿಗಳಿಂದ ಒಂದೇ ಉಚ್ಚಾರಣೆಯ ಇಂಗ್ಲಿಷು ಕೇಳಿಬರುತ್ತದೆ. ಒಬ್ಬ ಕೈದಿ, ಇನ್ನೊಬ್ಬ ಸರ್ಕಾರ. ಆ ದೃಶ್ಯವನ್ನು ನಾನು ಎಷ್ಟು ಬಾರಿ ನಿಲ್ಲಿಸಿದ್ದೇನೋ ಲೆಕ್ಕವಿಲ್ಲ. ಆಳುವವರ ಭಾಷೆಯನ್ನು ಅವರಷ್ಟೇ ಚೆನ್ನಾಗಿ ಕಲಿತು, ತನ್ನ ಜನರ ಭಾಷೆ ಬಾರದವನಾಗಿ, ಎರಡೂ ಕಡೆ ಪರಕೀಯನಾದವನ ಕಥೆಯದು. ದೆಹಲಿಯಲ್ಲೋ ಮುಂಬಯಿಯಲ್ಲೋ ಮಕ್ಕಳನ್ನು ಬೆಳೆಸುವ ಕನ್ನಡಿಗ ತಂದೆಗೆ ಇದು ಪರದೇಶದ ಕಥೆಯಾಗಿ ಉಳಿಯುವುದಿಲ್ಲ. ರಶ್ದಿಯವರ ಟೀಕೆಯೂ ನಿಜ, ಹರಿ ಕುಮಾರನ ಮುಖವೂ ನಿಜ. ಎರಡನ್ನೂ ಒಟ್ಟಿಗೆ ಹಿಡಿಯಲು ನನಗೆ ಬಿಡುವು ಕೊಟ್ಟದ್ದು ಕೈಯಲ್ಲಿದ್ದ ರಿಮೋಟಿನ ಒಂದು ಗುಂಡಿ.

ಆ ಗುಂಡಿಯ ನಿಜವಾದ ಬೆಲೆಯನ್ನು ನನಗೆ ಕಲಿಸಿದವರು ನಮ್ಮ ತಾಯಿಯವರು. 2004ರ ಚಳಿಗಾಲದಲ್ಲಿ ಅವರು ಹಾಸನದಿಂದ ಬಂದು ನಮ್ಮಲ್ಲಿ ಮೂರು ತಿಂಗಳಿದ್ದರು. ತ್ರಿವೇಣಿ, ಎಂ. ಕೆ. ಇಂದಿರಾ ಅವರ ಕಾದಂಬರಿಗಳನ್ನು ಮತ್ತೆ ಮತ್ತೆ ಓದಿದವರು. ಇಂಗ್ಲಿಷು ಬಾರದು, ಹಿಂದಿಯೂ ಬಾರದು. ಮಂಜು ಮುಸುಕಿದ ದೆಹಲಿಯಲ್ಲಿ ಕಿಟಕಿಯ ಬಳಿ ಕುಳಿತು ದಿನ ಕಳೆಯುತ್ತಿದ್ದ ಅವರನ್ನು ಒಂದು ಸಂಜೆ, ಬೇರೇನೂ ತೋಚದೆ, 1995ರ ಬಿಬಿಸಿಯ ‘ಪ್ರೈಡ್ ಅಂಡ್ ಪ್ರೆಜುಡಿಸ್’ ನೋಡಲು ಕೂರಿಸಿದೆ. ಜೇನ್ ಆಸ್ಟೆನ್ 1813ರಲ್ಲಿ ಪ್ರಕಟಿಸಿದ ಕಾದಂಬರಿ, ಆಂಡ್ರ್ಯೂ ಡೇವಿಸ್ ಬರೆದ ಚಿತ್ರಕಥೆ, ಆರು ಕಂತು. ಎರಡು ಮಾತಿಗೊಮ್ಮೆ ‘ನಿಲ್ಲಿಸೋ ಸ್ವಲ್ಪ, ಈಗ ಅವಳು ಏನಂದಳು?’ ಎಂದು ಕೇಳುವರು. ನಾನು ನಿಲ್ಲಿಸಿ ಕನ್ನಡದಲ್ಲಿ ಹೇಳುವೆನು. ಸುಮಾರು ಐದೂವರೆ ಗಂಟೆಯ ನಾಟಕ ನಮ್ಮ ಮನೆಯಲ್ಲಿ ಕುರುಕ್ಷೇತ್ರದಂತೆ ಹದಿನೆಂಟು ದಿನ ನಡೆಯಿತು.

ಆಂಗ್ಲ ಸಾಹಿತ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದ ನಾನು, ತರಗತಿಯಲ್ಲಿ ನಕ್ಕ ಹಾಗೆಯೇ ಬೆನೆಟ್ ದಂಪತಿಗಳ ಮನೆಯಾಕೆಯ ಕೂಗಾಟಕ್ಕೆ ನಕ್ಕೆ. ತಾಯಿಯವರು ನಗಲಿಲ್ಲ. ‘ನಗಬೇಡ ಕಣೋ. ಐದು ಹೆಣ್ಣು. ಗಂಡ ಅನ್ನಿಸಿಕೊಂಡೋನು ಓದೋ ಕೋಣೆ ಬಿಟ್ಟು ಈಚೆಗೆ ಬರೋದಿಲ್ಲ. ಅವನು ಕಣ್ಣು ಮುಚ್ಚಿದರೆ ಮನೆ ದಾಯಾದಿ ಪಾಲು. ಅವಳು ಕೂಗದೆ ಇನ್ನೇನು ಮಾಡ್ತಾಳೆ?’ ಎಂದರು. ಮನಸ್ಸೊಪ್ಪದ ಆ ದಾಯಾದಿ ಕಾಲಿನ್ಸನನ್ನೇ ಕೈಹಿಡಿಯುವ ಷಾರ್ಲಟಳನ್ನು ನಾಯಕಿ ಎಲಿಜಬೆತ್ ಒಪ್ಪಲಾರಳು. ತಾಯಿಯವರು ಒಪ್ಪಿದರು. ‘ಇಪ್ಪತ್ತೇಳು ವರ್ಷ ಆಗಿದೆ ಅಂತೀಯ. ತೌರಿನಲ್ಲಿ ಎಷ್ಟು ದಿನ ಕೂತಾಳು ಪಾಪ’ ಎಂದರು. ಗಂಡು ಸಂತಾನವಿಲ್ಲದ ಮನೆಯ ಆಸ್ತಿ ದಾಯಾದಿಗೆ ಹೋಗುವುದು ನನಗೆ ಪಠ್ಯದ ಅಡಿಟಿಪ್ಪಣಿ, ಅವರಿಗೆ ಕಣ್ಣಾರೆ ಕಂಡ ಸಂಗತಿ. ಕರ್ನಾಟಕದಲ್ಲಿ ಹೆಣ್ಣುಮಕ್ಕಳಿಗೆ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಸಮಪಾಲಿನ ಹಕ್ಕು ಬಂದದ್ದು 1994ರಲ್ಲಿ, ದೇಶಕ್ಕೆಲ್ಲ 2005ರಲ್ಲಿ ಎಂಬುದನ್ನು ನೆನೆದರೆ ಆಸ್ಟೆನ್ನಳ ಕಾಲವೂ ನಮ್ಮ ಕಾಲವೂ ಅಷ್ಟೇನೂ ದೂರವಲ್ಲ. ಹದಿನೆಂಟು ದಿನಗಳಲ್ಲಿ ನನ್ನ ತಾಯಿ ಒಮ್ಮೆಯೂ ಆ ಬಂಗಲೆಗಳಿಗೆ ಬೆರಗಾಗಲಿಲ್ಲ, ಆ ಜನರಿಗೆ ತಲೆಬಾಗಲೂ ಇಲ್ಲ. ಅವರನ್ನು ನೆರೆಮನೆಯವರಂತೆ ವಿಚಾರಿಸಿಕೊಂಡರು.

ನನ್ನ ಅಭಿಪ್ರಾಯದ ಸಾರ ಇಷ್ಟೇ. ದಾಸ್ಯವಿರುವುದು ನೋಡುವ ವಸ್ತುವಿನಲ್ಲಲ್ಲ, ಬಾಯಿ ಮುಚ್ಚಿಕೊಂಡು ನೋಡುವುದರಲ್ಲಿ. ನಿಲ್ಲಿಸಿ, ಪ್ರಶ್ನಿಸಿ, ನಮ್ಮ ಭಾಷೆಯಲ್ಲಿ ಎದುರು ಮಾತನಾಡಿ ಮುಂದುವರಿಯುವವನಿಗೆ ಯಾವ ನಾಟಕವೂ ಯಜಮಾನನಲ್ಲ. ಪ್ರಸಾರದ ಹೊತ್ತಿಗೆ ಕಾದು ಕುಳಿತು ನೋಡಿದ್ದು ಹರಿದುಹೋಗುತ್ತದೆ. ಮನೆಯ ಕಪಾಟಿನಲ್ಲಿರುವುದು ಪುಸ್ತಕದಂತೆ ಕಾಯುತ್ತದೆ. ಇಂಗ್ಲೆಂಡಿನ ಜನರಿಗೂ ಇದು ತಿಳಿದಿತ್ತು. ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಕೊನೆಯ ಕಂತು ಪ್ರಸಾರವಾಗುವ ಮೊದಲೇ ಅದರ ಕ್ಯಾಸೆಟ್ಟುಗಳು ಅಂಗಡಿಗೆ ಬಂದವು. ಕೆಲವೇ ದಿನಗಳಲ್ಲಿ ಮನೆಯಲ್ಲೇ ಕುಳಿತು ನೋಡಬಹುದಾಗಿದ್ದುದನ್ನು ಜನ ಮುಗಿಬಿದ್ದು ಹಣಕೊಟ್ಟು ಕೊಂಡರು.

ಇಟ್ಟುಕೊಳ್ಳದಿದ್ದರೆ ಏನಾಗುತ್ತದೆಂಬುದಕ್ಕೂ ಉದಾಹರಣೆ ಅಲ್ಲಿಯದೇ. 1960 ಮತ್ತು 70ರ ದಶಕಗಳಲ್ಲಿ ಬಿಬಿಸಿ ತನ್ನ ಅಸಂಖ್ಯ ನಾಟಕಗಳನ್ನು ತಾನೇ ಅಳಿಸಿಹಾಕಿತು. ವಿಡಿಯೋ ಟೇಪು ದುಬಾರಿ, ಅಳಿಸಿದರೆ ಮತ್ತೆ ಬಳಸಬಹುದು. ಕಲಾವಿದರ ಸಂಘದೊಡನೆ ಆಗಿದ್ದ ಒಪ್ಪಂದದಿಂದಾಗಿ ಮರುಪ್ರಸಾರಕ್ಕೂ ಮಿತಿಯಿತ್ತು. ಬಣ್ಣ ಬಂದಮೇಲೆ ಕಪ್ಪು ಬಿಳುಪು ಯಾರಿಗೆ ಬೇಕು ಎಂಬ ಎಣಿಕೆ ಬೇರೆ. ಜನ ಮನೆಗೆ ಕೊಂಡೊಯ್ದು ನೋಡಿಯಾರೆಂಬ ಕಲ್ಪನೆ ಆಗ ಇರಲಿಲ್ಲ. ಕಡತಗಳನ್ನು ಅವಧಿ ಮುಗಿಯಿತೆಂದು ನಾಶಪಡಿಸುವ ಆದೇಶಗಳಿಗೆ ಸಹಿ ಹಾಕಿದ ನನ್ನಂಥವನಿಗೆ ಈ ತರ್ಕ ಚೆನ್ನಾಗಿ ಅರ್ಥವಾಗುತ್ತದೆ. ಅದರಿಂದಲೇ ಭಯವೂ ಆಗುತ್ತದೆ. ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ ಕಳೆದುಹೋಗಿದ್ದ 9 ಕಂತುಗಳು ನೈಜೀರಿಯಾದಲ್ಲಿ ಸಿಕ್ಕಿವೆಯೆಂದು 2013ರಲ್ಲಿ ಪ್ರಕಟವಾಯಿತು. ತವರು ಕಳೆದುಕೊಂಡದ್ದನ್ನು ದೂರದ ಊರು ಉಳಿಸಿಕೊಂಡಿತ್ತು. ಹೊರನಾಡಿನವರಾದ ನಾವು ಇದನ್ನು ಮರೆಯಬಾರದು.

ಈಗ ಡಿವಿಡಿಯ ಕಾಲವೂ ಸರಿಯುತ್ತಿದೆ. ಚಂದಾ ಕಟ್ಟಿ ಅಂತರ್ಜಾಲದಲ್ಲಿ ನೋಡುವವರಿಗೆ ನಿಲ್ಲಿಸುವ ಗುಂಡಿಯೇನೋ ಉಂಟು, ಇಟ್ಟುಕೊಳ್ಳುವ ಹಕ್ಕಿಲ್ಲ. ಒಪ್ಪಂದ ಮುಗಿದ ದಿನ ನಾಟಕ ಮಾಯವಾಗುತ್ತದೆ. ಆದ್ದರಿಂದ ಇದ್ದುದನ್ನು ಯಾರೂ ರದ್ದಿಗೆ ಹಾಕಬಾರದೆಂದು ನನ್ನ ವಿನಂತಿ. ಅದಕ್ಕಿಂತ ಮುಖ್ಯವಾದ ವಿನಂತಿ ಇನ್ನೊಂದಿದೆ. ಕೊನೆಯ ಕಂತು ಮುಗಿದ ರಾತ್ರಿ ತಾಯಿಯವರು, ‘ನಮ್ಮ ಕಾದಂಬರಿಗಳನ್ನೂ ಹೀಗೆ ಮಾಡಿದ್ದಾರೇನೋ? ಇದ್ದರೆ ತಂದು ಹಾಕು’ ಎಂದಿದ್ದರು. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ವನ್ನು ಗಿರೀಶ ಕಾಸರವಳ್ಳಿಯವರು ಕಿರುತೆರೆಗೆ ಅಳವಡಿಸಿದ್ದಾರೆ. ಆದರೆ ಅದನ್ನು ತಾಯಿಯವರಿಗೆ ತೋರಿಸುವುದು ನನ್ನಿಂದಾಗಲಿಲ್ಲ. ಇಂಥ ಕೃತಿಗಳನ್ನು ಹುಡುಕಿ, ಹಕ್ಕುದಾರರ ಅನುಮತಿ ಪಡೆದು, ಸಂಘದ ಗ್ರಂಥಾಲಯದಲ್ಲಿ ಒಂದು ಕಪಾಟು ತುಂಬಿಸುವುದು ನಮ್ಮ ಅಳವಿಗೆ ಮೀರಿದ ಕೆಲಸವಲ್ಲ. ತಿಂಗಳಿಗೊಂದು ಸಂಜೆ, ನಿಲ್ಲಿಸಿ ನಿಲ್ಲಿಸಿ ನೋಡೋಣ. ಪಕ್ಕದಲ್ಲಿ ಮಕ್ಕಳೂ ಕುಳಿತಿರಲಿ.

ಮಕ್ಕಳ ಮಾತನ್ನು ಕಾರಣವಿಲ್ಲದೆ ಎತ್ತಿದ್ದಲ್ಲ. ಆ ಹದಿನೆಂಟು ದಿನ ಅಜ್ಜಿಯ ಶಾಲಿನೊಳಗೆ ಮುದುಡಿ ಕುಳಿತಿದ್ದ ನನ್ನ ಮಗಳಿಗೆ ಆಗ ಎಂಟು ವರ್ಷ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು, ಕನ್ನಡವನ್ನು ಮಾತನಾಡುತ್ತಾಳೆ, ಓದಲು ತಡವರಿಸುತ್ತಾಳೆ. ತಾಯಿಯವರು ಈಗಿಲ್ಲ. ಮೊನ್ನೆ ದೂರವಾಣಿಯಲ್ಲಿ ಊರಿನ ಜಮೀನಿನ ವಿಷಯ ಬಂದಾಗ ಅವಳು ಸಹಜವಾಗಿ ‘ದಾಯಾದಿ’ ಎಂದಳು. ಈ ಮಾತು ಎಲ್ಲಿ ಕಲಿತೆ ಎಂದು ಕೇಳಿದೆ. ‘ಅಜ್ಜಿ ಹೇಳಿದ್ದರಲ್ಲ ಅಪ್ಪಾ, ಮಿಸ್ಟರ್ ಕಾಲಿನ್ಸ್’ ಎಂದಳು.