ಚಾರಣವಿಲ್ಲದ ನೇಪಾಳ: ಆರು ದಿನಗಳ ಲೆಕ್ಕಾಚಾರ

ನೇಪಾಳವೆಂದೊಡನೆ ಎವರೆಸ್ಟ್ ಶಿಖರ ಮತ್ತು ಬೆನ್ನಿಗೆ ಚೀಲ ಹೊತ್ತ ಚಾರಣಿಗರ ಸಾಲು ನಮ್ಮ ಕಣ್ಮುಂದೆ ಬರುತ್ತವೆ. 2024ರಲ್ಲಿ ಆ ದೇಶಕ್ಕೆ ಭೇಟಿಯಿತ್ತ ಸುಮಾರು 11.5 ಲಕ್ಷ ವಿದೇಶಿ ಪ್ರವಾಸಿಗರಲ್ಲಿ ಮೂರು ಲಕ್ಷಕ್ಕೂ ಅಧಿಕ ಮಂದಿ ಭಾರತೀಯರು. ಇವರಲ್ಲಿ ಬಹಳಷ್ಟು ಜನ ಬೆಟ್ಟ ಹತ್ತಲು ಹೋದವರಲ್ಲ. ದೇವರ ದರ್ಶನ, ಹಿಮಶಿಖರಗಳ ನೋಟ, ನಾಲ್ಕು ದಿನಗಳ ವಿಶ್ರಾಂತಿಯನ್ನು ಬಯಸಿ ಹೋದವರು. ಮಂಡಿನೋವಿನ ವಯಸ್ಸಿನಲ್ಲಿರುವ ನನ್ನಂಥವರ ಸಂಖ್ಯೆ ಅವರಲ್ಲಿ ಕಡಿಮೆಯೇನಲ್ಲ. ಈ ವರ್ಗದ ಪ್ರವಾಸಿಗರ ಬಗ್ಗೆ ನಮ್ಮ ಪ್ರವಾಸ ಸಂಸ್ಥೆಗಳಾಗಲಿ ಎರಡೂ ದೇಶಗಳ ಸರ್ಕಾರಗಳಾಗಲಿ ಗಂಭೀರವಾಗಿ ಯೋಚಿಸಿದಂತೆ ತೋರುವುದಿಲ್ಲ.

ಇತ್ತೀಚೆಗೆ ನಮ್ಮ ಬಡಾವಣೆಯ ಹಿರಿಯ ನಾಗರಿಕರಿಗಾಗಿ ಪ್ರವಾಸ ಸಂಸ್ಥೆಯೊಂದು ಸಿದ್ಧಪಡಿಸಿದ ಕಾರ್ಯಕ್ರಮ ಪಟ್ಟಿಯನ್ನು ಪರಿಶೀಲಿಸುವ ಹೊಣೆ ನನ್ನ ಪಾಲಿಗೆ ಬಂದಿತು. ಆರು ದಿನಗಳಲ್ಲಿ ಕಠ್ಮಂಡು, ಪೋಖರಾ, ಚಿತ್ವನ್ ಹಾಗೂ ಲುಂಬಿನಿ. ಜೊತೆಗೆ ಹೆಚ್ಚುವರಿ ಹಣ ತೆತ್ತವರಿಗೆ ಮುಕ್ತಿನಾಥ. ಕಡತ ನೋಡಿದ ಹಳೆಯ ಅಭ್ಯಾಸದಂತೆ ಹಗಲಿನ ಗಂಟೆಗಳನ್ನು ಕೂಡಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಹೊತ್ತು ವಾಹನದೊಳಗೇ ಕಳೆಯಬೇಕಾಗಿತ್ತು! ಕಿರುಪ್ರವಾಸದಲ್ಲಿ ಹಣಕ್ಕಿಂತಲೂ ದುರ್ಲಭವಾದ ಸಂಪನ್ಮೂಲ ಹಗಲು. ಒಂದು ಊರನ್ನು ಪಟ್ಟಿಗೆ ಸೇರಿಸಿದರೆ ಇನ್ನೊಂದು ಊರನ್ನು ನಿಜವಾಗಿ ನೋಡುವ ಅವಕಾಶವನ್ನು ಬಿಟ್ಟುಕೊಟ್ಟಂತೆ ಎಂಬ ಅರ್ಥಶಾಸ್ತ್ರದ ಮೊದಲ ಪಾಠವನ್ನು ಆ ಪಟ್ಟಿ ಮರೆತಿತ್ತು.

ಕಠ್ಮಂಡುವಿನಿಂದ ಪೋಖರಾಕ್ಕೆ ದೂರ ಕೇವಲ 200 ಕಿಲೋಮೀಟರ್. ಆದರೆ ಕಣಿವೆಯ ಆ ರಸ್ತೆಯಲ್ಲಿ ಏಳೆಂಟು ಗಂಟೆ ಹಿಡಿಯುವುದು ಅಪರೂಪವಲ್ಲ. ವಿಮಾನದಲ್ಲಿ ಅರ್ಧ ಗಂಟೆ ಸಾಕು. ಯಾವುದೂ ಅಪಾಯದಿಂದ ಮುಕ್ತವಲ್ಲ. 2023ರ ಜನವರಿಯಲ್ಲಿ ಪೋಖರಾದ ಬಳಿ ವಿಮಾನ ಪತನಗೊಂಡು ಅದರಲ್ಲಿದ್ದ 72 ಮಂದಿಯೂ ಮೃತಪಟ್ಟರು. 2024ರ ಜುಲೈನಲ್ಲಿ ಚಿತ್ವನ್ ಜಿಲ್ಲೆಯ ಸಿಮಲ್ತಾಲ್ ಬಳಿ ಭೂಕುಸಿತವು ಎರಡು ಬಸ್ಸುಗಳನ್ನು ತ್ರಿಶೂಲಿ ನದಿಗೆ ನೂಕಿತು. 2025ರ ಸೆಪ್ಟೆಂಬರ್‌ನಲ್ಲಿ ಯುವಜನರ ಚಳವಳಿಯಿಂದ ಸರ್ಕಾರವೇ ಉರುಳಿದಾಗ ಕಠ್ಮಂಡುವಿನ ವಿಮಾನ ನಿಲ್ದಾಣವನ್ನೂ ಕೆಲಕಾಲ ಮುಚ್ಚಲಾಗಿತ್ತು. ಇವುಗಳಿಂದ ಹೆದರಿ ಮನೆಯಲ್ಲೇ ಕೂರಬೇಕೆಂದಿಲ್ಲ. ಮಳೆಗಾಲವನ್ನು ತಪ್ಪಿಸುವುದು, ರಾತ್ರಿ ರಸ್ತೆ ಪ್ರಯಾಣವನ್ನು ಕೈಬಿಡುವುದು, ಮರಳುವ ಮುನ್ನ ಒಂದು ದಿನವನ್ನು ಕಠ್ಮಂಡುವಿನಲ್ಲಿ ಖಾಲಿ ಬಿಡುವುದು ಇಷ್ಟನ್ನು ಪಾಲಿಸಿದರೆ ಸಾಕು. ಗುಡ್ಡಗಾಡು ದೇಶದಲ್ಲಿ ಬಿಡುವಿನ ದಿನವೇ ವಿಮೆ.

ಕಾಲದ ಆಯ್ಕೆಯಲ್ಲೂ ವಿವೇಕ ಬೇಕು. ನಮ್ಮ ಶಾಲೆಗಳಿಗೆ ದಸರಾ ರಜೆ ಬರುವ ಹೊತ್ತಿಗೇ ನೇಪಾಳಿಗರ ದೊಡ್ಡ ಹಬ್ಬ ದಶೈಂ. ಇಡೀ ದೇಶವೇ ಊರಿಗೆ ಹೊರಟಿರುತ್ತದೆ, ವಾಹನಗಳಲ್ಲಿ ಜಾಗವಿರುವುದಿಲ್ಲ. ಏಪ್ರಿಲ್-ಮೇ ತಿಂಗಳ ಬೇಸಿಗೆ ರಜೆಯಲ್ಲಿ ಮಬ್ಬು ಹೊಗೆ ಶಿಖರಗಳನ್ನು ಮರೆಮಾಡುವುದುಂಟು. ದೀಪಾವಳಿ ಕಳೆದ ನಂತರದ ವಾರಗಳೇ ಉತ್ತಮ.

ಎತ್ತರದ ವಿಷಯದಲ್ಲಿ ನಮ್ಮಲ್ಲಿ ಅನಗತ್ಯ ಭಯವೂ ಇದೆ, ಅನಗತ್ಯ ಧೈರ್ಯವೂ ಇದೆ. ಕಠ್ಮಂಡು ಇರುವುದು ಸುಮಾರು 1,400 ಮೀಟರ್ ಎತ್ತರದಲ್ಲಿ. ಪೋಖರಾ ಬೆಂಗಳೂರಿಗಿಂತಲೂ ತಗ್ಗಿನಲ್ಲಿದೆ! ಅಲ್ಲಿಂದ ಸಾರಂಗಕೋಟ್ ಗುಡ್ಡಕ್ಕೆ ರಸ್ತೆಯೂ ಕೇಬಲ್ ಕಾರೂ ಇವೆ. ಒಂದು ಹೆಜ್ಜೆ ಚಾರಣವಿಲ್ಲದೆ ಅನ್ನಪೂರ್ಣಾ ಶ್ರೇಣಿಯ ಸೂರ್ಯೋದಯವನ್ನು ಅಲ್ಲಿ ಕಾಣಬಹುದು. ಆದರೆ ವೈಷ್ಣವರಿಗೆ ಪವಿತ್ರವಾದ ಮುಕ್ತಿನಾಥ 3,700 ಮೀಟರ್‌ಗೂ ಮೇಲಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದೆಂಬುದು ವೈದ್ಯರ ಸಲಹೆ. ಹೀಗಿರುವಾಗ ಅರವತ್ತು ದಾಟಿದವರನ್ನು ಒಂದೇ ದಿನದಲ್ಲಿ ಅಷ್ಟು ಮೇಲೇರಿಸುವುದನ್ನು ‘ಹೆಚ್ಚುವರಿ ಆಕರ್ಷಣೆ’ ಎಂದು ಮಾರುವುದು ಹೊಣೆಗೇಡಿತನ. ಅಲ್ಲಿಗೆ ಪ್ರತ್ಯೇಕ ಯಾತ್ರೆಯನ್ನೇ ಕೈಗೊಳ್ಳಬೇಕು.

ಹಾಗಾದರೆ ಆರು ದಿನಗಳಲ್ಲಿ ಏನನ್ನು ನೋಡಬೇಕು? ಕಠ್ಮಂಡು ಕಣಿವೆಗೆ ಮೂರು ದಿನ, ಪೋಖರಾಕ್ಕೆ ಎರಡು, ಬಿಡುವಿಗೆ ಒಂದು. 1979ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಏಳು ಸ್ಮಾರಕ ವಲಯಗಳು ಆ ಕಣಿವೆಯೊಂದರಲ್ಲೇ ಇವೆ. ಕನ್ನಡಿಗರಿಗೆ ಅಲ್ಲಿ ಆಪ್ತವಾದ ಸಂಗತಿಗಳೂ ಉಂಟು. ಪಶುಪತಿನಾಥನ ಅರ್ಚಕರಾದ ಭಟ್ಟರು ಪರಂಪರೆಯಿಂದ ದಕ್ಷಿಣ ಭಾರತದವರು. 2008ರ ಕೊನೆಯಲ್ಲಿ ಅಲ್ಲಿನ ಸರ್ಕಾರ ಸ್ಥಳೀಯ ಅರ್ಚಕರನ್ನು ನೇಮಿಸಿ ವಿವಾದವೆದ್ದ ಮೇಲೆ, 2009ರಲ್ಲಿ ಮತ್ತೆ ಕರ್ನಾಟಕದಿಂದಲೇ ಅರ್ಚಕರು ಹೋದರು. ಭಕ್ತಪುರದ ಮಲ್ಲ ಅರಸರ ಕುಲದೇವತೆ ತಲೇಜು, ನೇಪಾಳದ ತರಾಯಿಯ ಸಿಮ್ರೌನ್‌ಗಢದಿಂದ ಬಂದವಳೆಂಬ ಪ್ರತೀತಿಯಿದೆ. ಆ ಊರನ್ನು ರಾಜಧಾನಿಯಾಗಿಸಿಕೊಂಡಿದ್ದ ನಾನ್ಯದೇವನ ವಂಶ ‘ಕರ್ಣಾಟ’ ವಂಶವೆಂದೇ ಹೆಸರಾದುದು.

ಭಕ್ತಪುರ ಇನ್ನೊಂದು ಕಾರಣಕ್ಕೂ ಗಮನಾರ್ಹ. ಸುಮಾರು 9,000 ಜನರನ್ನು ಬಲಿ ಪಡೆದ 2015ರ ಭೂಕಂಪದಲ್ಲಿ 1702ರ ನ್ಯಾತಪೋಲ ದೇಗುಲ ನಿಂತಿತು. ಸುತ್ತಲಿನ ಹಲವು ಕಟ್ಟಡಗಳು ಕುಸಿದವು. ಪ್ರವಾಸಿಗರಿಂದ ಸಂಗ್ರಹಿಸುವ ಪ್ರವೇಶ ಶುಲ್ಕವನ್ನು ನಗರಸಭೆ ಪರಂಪರೆಯ ರಕ್ಷಣೆಗೆ ಬಳಸುತ್ತದೆ. ಚಾರಣಿಗನ ಹಣ ಪರ್ವತದ ಹಳ್ಳಿಗಳ ವಸತಿಗೃಹ, ಹೊರೆಯಾಳುಗಳಿಗೆ ತಲುಪುತ್ತದೆ. ಚಾರಣಿಸದವನ ಹಣ ರಾಜಧಾನಿಯ ಹೋಟೆಲುಗಳಲ್ಲೇ ಉಳಿಯುವ ಅಪಾಯವಿದೆ. ಸ್ಥಳೀಯ ಮಾರ್ಗದರ್ಶಿ, ನೇವಾರ ಕುಂಬಾರ, ಬಡಗಿಗಳಿಗೆ ಅದು ತಲುಪಬೇಕಾದರೆ ಇಂಥ ಊರುಗಳಲ್ಲಿ ಒಂದು ರಾತ್ರಿಯಾದರೂ ತಂಗಬೇಕು. ಭೂತಾನದಂತೆ ಪ್ರತಿ ರಾತ್ರಿಗೆ 1,200 ರೂಪಾಯಿ ಶುಲ್ಕವನ್ನು ನೇಪಾಳ ನಮ್ಮಿಂದ ಕೇಳುವುದಿಲ್ಲ; ವೀಸಾ ಕೂಡ ಬೇಡ. ಆ ಔದಾರ್ಯಕ್ಕೆ ನಾವು ಸಲ್ಲಿಸಬಹುದಾದ ಪ್ರತಿಫಲ ಇದು.

ಸರ್ಕಾರಗಳ ಪಾಲಿಗೂ ಕೆಲಸವಿದೆ. 2022ರಲ್ಲಿ ಲುಂಬಿನಿಯ ಬಳಿಯ ಭೈರಹವಾದಲ್ಲಿ, 2023ರ ಮೊದಲ ದಿನ ಪೋಖರಾದಲ್ಲಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣಗಳು ಉದ್ಘಾಟನೆಗೊಂಡವು. ಎರಡನೆಯದು ಚೀನಾದಿಂದ ಪಡೆದ 20 ಕೋಟಿ ಡಾಲರ್‌ಗೂ ಮಿಕ್ಕಿದ ಸಾಲದಿಂದ ನಿರ್ಮಾಣವಾದುದು. ನಿರೀಕ್ಷಿಸಿದ ವಿದೇಶಿ ವಿಮಾನಗಳು ಬರಲಿಲ್ಲ. ಸಾಲದ ಕಂತು ಮಾತ್ರ ಕಾಯುವುದಿಲ್ಲ. ಹೆಚ್ಚುವರಿ ವಾಯುಮಾರ್ಗಗಳಿಗಾಗಿ ನೇಪಾಳ ವರ್ಷಗಳಿಂದ ಭಾರತವನ್ನು ಕೋರುತ್ತ ಬಂದಿದೆ. ಭದ್ರತೆಯ ಪ್ರಶ್ನೆಗಳು ನಿಜ. ಆದರೂ ನೆರೆಯವನ ಸಾಲದ ಹೊರೆ ಹಗುರಾಗುವುದರಲ್ಲಿ ನಮ್ಮ ಹಿತವೂ ಇದೆ. ಬೆಂಗಳೂರಿನ ಹಿರಿಯರೊಬ್ಬರು ಆ ದುರ್ಗಮ ರಸ್ತೆಯನ್ನು ತಪ್ಪಿಸಿ ನೇರವಾಗಿ ಫೇವಾ ಸರೋವರದ ದಂಡೆಗೆ ಇಳಿಯುವಂತಾದರೆ ಅವರಿಗೂ ಲಾಭ, ಪೋಖರಾಕ್ಕೂ ಲಾಭ.

ನಮ್ಮ ಗುಂಪಿನ ಪಟ್ಟಿಯಿಂದ ಎರಡು ಊರುಗಳನ್ನು ನಾನು ಹೊಡೆದುಹಾಕಿದೆ. ಕೊಟ್ಟ ಹಣಕ್ಕೆ ಸ್ಥಳಗಳು ಕಡಿಮೆಯಾದುವೆಂದು ಕೆಲವರು ಗೊಣಗಿದರು. ಎಷ್ಟು ಊರು ಮುಟ್ಟಿದೆವೆಂಬುದಕ್ಕಿಂತ ಎಷ್ಟು ಹೊತ್ತು ನಿಂತು ನೋಡಿದೆವೆಂಬುದೇ ಪ್ರವಾಸದ ನಿಜವಾದ ಜಮಾಖರ್ಚು ಎಂದು ಅವರಿಗೆ ಹೇಳಿದ್ದೇನೆ.