ಸರ ಯಾರ ಕೈಯದು?

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಭಾಗದ ಶಾಲೆಗಳಿಗೆ ಅಭ್ಯಾಸ ಪಾಠಗಳ ವೀಕ್ಷಣೆಗೆ ಹೋದಾಗ ಕಾರ್ಯಾನುಭವದ ತರಗತಿಯಲ್ಲಿ ಒಂದೇ ದೃಶ್ಯವನ್ನು ಮತ್ತೆ ಮತ್ತೆ ಕಂಡಿದ್ದೇನೆ. ಪ್ರಶಿಕ್ಷಣಾರ್ಥಿಯು ತುಂಡುಬಟ್ಟೆ, ಗುಂಡಿಗಳಿಂದ ಮನೆಯಲ್ಲೇ ಮಾಡಿಕೊಂಡು ಬಂದ ಸರ, ಕಿವಿಯೋಲೆಗಳನ್ನು ಎತ್ತಿ ತೋರಿಸುತ್ತಾರೆ. ಮಕ್ಕಳು ಚಪ್ಪಾಳೆ ತಟ್ಟುತ್ತಾರೆ, ಮಾಡುವ ಹಂತಗಳನ್ನು ಕಪ್ಪುಹಲಗೆ ನೋಡಿ ಬರೆದುಕೊಳ್ಳುತ್ತಾರೆ. ಅಷ್ಟರಲ್ಲಿ ಗಂಟೆ ಬಾರಿಸುತ್ತದೆ. ಒಂದು ಮಗುವೂ ಸೂಜಿ ಹಿಡಿದಿರುವುದಿಲ್ಲ. ಇಂಥ ಪಾಠಗಳಿಗೆ 'ಕಲಿಕೋಪಕರಣ ಆಕರ್ಷಕವಾಗಿದೆ' ಎಂದು ಬರೆದು ನಾನೂ ಧಾರಾಳವಾಗಿ ಅಂಕ ಕೊಟ್ಟಿದ್ದೇನೆ.

ಚಿಂಚೋಳಿ ತಾಲ್ಲೂಕಿನ ಒಂದು ತಾಂಡಾದ ಶಾಲೆಯಲ್ಲಿ ನನ್ನ ಕಣ್ಣು ತೆರೆಯಿತು. ಬಟ್ಟೆಯ ಹೂವಿಗೆ ಗುಂಡಿ ಹೊಲಿದು ತೋರಿಸುತ್ತಿದ್ದ ಪ್ರಶಿಕ್ಷಣಾರ್ಥಿಯ ದಾರ ಎರಡು ಸಲ ಜಾರಿ ಹೊರಬಂತು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, "ಗಂಟು ಸಣ್ಣದಾಗ್ಯಾದರಿ ಟೀಚರ್, ನಾ ಹಾಕಿ ಕೊಡ್ಲಾ?" ಎಂದಳು. "ಕೂಡು, ಪಾಠದ ನಡುವೆ ಮಾತಾಡಬೇಡ" ಎಂಬ ಉತ್ತರ ಬಂತು. ನಾನು ವೀಕ್ಷಣಾ ಪುಸ್ತಕದಲ್ಲಿ 'ತರಗತಿ ನಿಯಂತ್ರಣ ಉತ್ತಮ' ಎಂದು ಬರೆದೆ. ಹೊರಗೆ ಬಂದಾಗ ಗೇಟಿನ ಬಳಿ ಅವಳ ಅಜ್ಜಿ ನಿಂತಿದ್ದರು. ಅವರು ತೊಟ್ಟಿದ್ದ ಕಾಂಚಳಿಯ ತುಂಬ ಕನ್ನಡಿ, ಕವಡೆ, ಬಣ್ಣದ ತುಂಡುಬಟ್ಟೆ. ಆ ವಿದ್ಯೆಯ ಮನೆಯಿಂದ ಬಂದ ಮಗುವನ್ನು ನಾವಿಬ್ಬರೂ ಸೇರಿ ಸುಮ್ಮನೆ ಕೂಡಿಸಿದ್ದೆವು.

ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ. 2023ರಲ್ಲಿ ಹಂಪಿಯ ಜಿ-20 ಸಭೆಯ ವೇಳೆ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿತು. ಜಗತ್ತು ಮೆಚ್ಚಿದ ಈ ಕಲೆ ನಮ್ಮ ಪಾಠಯೋಜನೆಯಲ್ಲಿ ಮಾತ್ರ 'ಪೂರ್ವಜ್ಞಾನ' ಎನಿಸಿಕೊಂಡಿಲ್ಲ. ತಾಂಡಾದಲ್ಲಷ್ಟೇ ಅಲ್ಲ, ನಮ್ಮ ಊರುಗಳಲ್ಲಿ ಕೌದಿ ಹೊಲಿಯುವ ಅಜ್ಜಿಯರಿದ್ದಾರೆ. ಟೇಲರ್ ಅಂಗಡಿಯಲ್ಲಿ ಕೇಳಿದರೆ ಒಂದು ಚೀಲ ಚಿಂದಿ ಪುಕ್ಕಟೆ ಸಿಗುತ್ತದೆ.

ಒಂದು ಹೂವನ್ನೇ ನೋಡಿ. 8 ಸೆಂ.ಮೀ. ವ್ಯಾಸದ ಬಟ್ಟೆಯ ವೃತ್ತ ಕತ್ತರಿಸಿ, ಅಂಚನ್ನು ತುಸು ಮಡಿಸಿ, ಸುತ್ತಲೂ ಸಾದಾ ಹೊಲಿಗೆ ಹಾಕಿ ದಾರ ಎಳೆದರೆ ನೆರಿಗೆ ಬಿದ್ದು ಹೂವಾಗುತ್ತದೆ. ನಡುವೆ ಗುಂಡಿ ಕೂಡಿಸಿದರೆ ಸರದ ಒಂದು ಎಸಳು ಸಿದ್ಧ. ಹೂವಿನ ಅಗಲ ವೃತ್ತದ ವ್ಯಾಸದ ಅರ್ಧಕ್ಕಿಂತ ತುಸು ಕಡಿಮೆ ಏಕಾಯಿತು? ಸುತ್ತಳತೆ ಸುಮಾರು 25 ಸೆಂ.ಮೀ. ಆದರೆ ದಾರ ಎಷ್ಟು ಬೇಕು? ಹೊಲಿಗೆ ಉದ್ದವಾದರೆ ನೆರಿಗೆ ಏನಾಗುತ್ತದೆ? ಅಳತೆ, ವೃತ್ತ, ಅಂದಾಜು ಎಲ್ಲವೂ ಮಗುವಿನ ಬೆರಳಿಗೆ ಬರುತ್ತವೆ. ತಂದು ತೋರಿಸಿದ ಸರದಲ್ಲಿ ಈ ಪ್ರಶ್ನೆಗಳು ಹುಟ್ಟುವುದಿಲ್ಲ.

1937ರ ವಾರ್ಧಾ ಶಿಕ್ಷಣ ಯೋಜನೆ ಕೈಕಸುಬನ್ನು ಕಲಿಕೆಯ ಕೇಂದ್ರದಲ್ಲಿಟ್ಟಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ 6ರಿಂದ 8ನೇ ತರಗತಿಯವರಿಗೆ ಹತ್ತು ದಿನಗಳ ಚೀಲರಹಿತ ಅವಧಿಯನ್ನು ಹೇಳಿ, ಸ್ಥಳೀಯ ಕುಶಲಕರ್ಮಿಗಳೊಂದಿಗೆ ಕಲಿಯಲು ಅವಕಾಶ ಕೊಟ್ಟಿದೆ. ದಾರಿ ಇದೆ, ನಡೆಯುವವರು ಬೇಕು.

ಸಮಯ ಸಾಲದು, ಸೂಜಿ ಚುಚ್ಚುತ್ತದೆ, ಹುಡುಗರು ಹೊಲಿಯುವುದಿಲ್ಲ ಎಂಬ ಆಕ್ಷೇಪಗಳು ನನಗೆ ಗೊತ್ತು. ಒಂದು ಅವಧಿಗೆ ಒಂದೇ ಹೂವು ಸಾಕು. ಮೊಂಡು ತುದಿಯ ದಪ್ಪ ಸೂಜಿಯನ್ನು ಸಡಿಲ ನೇಯ್ಗೆಯ ಬಟ್ಟೆಯಲ್ಲಿ ಬಳಸಬಹುದು; ನಾಲ್ಕು ಮಕ್ಕಳ ಗುಂಪಿಗೆ ಒಂದು ಕತ್ತರಿ ಸಾಕು. ಹುಡುಗರ ಮಾತಿಗೆ ನಮ್ಮ ಪೇಟೆಯ ಟೇಲರ್‌ಗಳೇ ಉತ್ತರ.

ಸಹೋದ್ಯೋಗಿಗಳಲ್ಲಿ ನನ್ನ ವಿನಂತಿ ಇಷ್ಟೇ. ಕಾರ್ಯಾನುಭವದ ಪಾಠದಲ್ಲಿ ಪ್ರಶಿಕ್ಷಣಾರ್ಥಿ ತಂದ ವಸ್ತುವಿಗೆ ಅಂಕ ಕೊಡುವುದನ್ನು ಬಿಡೋಣ. ಎಷ್ಟು ಮಕ್ಕಳು ಹೊಲಿದರು, ಯಾವ ಮಗುವಿನಿಂದ ಶಿಕ್ಷಕರು ಏನು ಕಲಿತರು ಎಂದು ಬರೆಯೋಣ. ಪ್ರಶಿಕ್ಷಣಾರ್ಥಿಗಳೇ, ಸೊಟ್ಟ ಹೂವುಗಳ ಸರವನ್ನು ಧೈರ್ಯವಾಗಿ ನಮಗೆ ತೋರಿಸಿ. ಆ ಹುಡುಗಿ ಎದ್ದು ನಿಂತಾಗ ಸೂಜಿಯನ್ನು ಅವಳ ಕೈಗೆ ಕೊಡಿ.